ನಿಮಗಿದು ಗೊತ್ತೇ? ಬಿಲ್ಲಿನ ಹೆದೆಯಿಂದ ತಮಟೆಯ ಮುಚ್ಚಿಗೆಯವರೆಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಈ ನಾಲ್ಕು ಸೀಮೆಯ ಯಾವ ಊರಹಬ್ಬಕ್ಕೆ ಹೋದರೂ ದೇವರು ಹೊರಡುವ ಮುಂಚೆ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಗುಡಿಯಿಂದ ತುಸು ದೂರದಲ್ಲಿ ತೆಂಗಿನ ಗರಿಗೋ ಒಣಹುಲ್ಲಿಗೋ ಬೆಂಕಿ ಹಚ್ಚಿ ನಾಲ್ಕಾರು ಜನ ತಮಟೆ ಕಾಯಿಸುತ್ತಿರುತ್ತಾರೆ. ಬೆರಳಲ್ಲಿ ತಟ್ಟುತ್ತಾರೆ, ಕಿವಿ ಕೊಡುತ್ತಾರೆ, ಸಾಲದು ಅನ್ನಿಸಿದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಹಿಂದೆ ತೊಗಲಿನಿಂದ ಹೆದೆ ಹೊಸೆದು ಬಿಲ್ಲು ಕಟ್ಟುತ್ತಿದ್ದವನಿಗೆ ಬೇಕಾಗಿದ್ದ ವಿದ್ಯೆಯೂ ಇದೇ. ಹಸಿ ತೊಗಲನ್ನು ಹೇಗೆ ತೊಳೆಯಬೇಕು, ಹೇಗೆ ಹೆರೆಯಬೇಕು, ಎಷ್ಟು ಬಿಗಿದು ಒಣಗಿಸಬೇಕು ಎಂಬ ಅರಿವು ಅದು. ಬಿಲ್ಲು ಈಗ ಹೊಯ್ಸಳರ ಗುಡಿಯ ಗೋಡೆ ಸೇರಿದೆ. ತೊಗಲಿನ ವಿದ್ಯೆ ಮಾತ್ರ ಇನ್ನೂ ಬೀದಿಯಲ್ಲಿ ಉಸಿರಾಡುತ್ತಿದೆ. ಅದನ್ನು ಉಳಿಸಿಕೊಂಡು ಬಂದವರಿಗೆ ಊರು ಕೊಟ್ಟ ಗೌರವ ತೀರಾ ಕಡಿಮೆ. ಆ ವಿದ್ಯೆಯ ಸುತ್ತಲಿನ ಕೆಲವು ಸಂಗತಿಗಳು ಇಲ್ಲಿವೆ.

● ಬಿಲ್ಲಿನ ಹಗ್ಗಕ್ಕೆ ಕನ್ನಡದಲ್ಲಿ ಎಷ್ಟು ಹೆಸರು ಗೊತ್ತೇ? ಹೆದೆ, ತಿರು, ನಾರಿ. ಸಂಸ್ಕೃತದಿಂದ ಬಂದವು ಸಿಂಜಿನಿ, ಮೌರ್ವಿ. ‘ನಾರಿ’ಯನ್ನು ‘ನಾರು’ ಎಂಬ ಮಾತಿನ ಪಕ್ಕದಲ್ಲಿಟ್ಟು ನೋಡಿದರೆ ಅದರ ಹುಟ್ಟು ಹೊಳೆಯುತ್ತದೆ. ‘ಮೌರ್ವಿ’ ಬಂದದ್ದು ಮೂರ್ವಾ ಎಂಬ ನಾರಿನ ಗಿಡದಿಂದ. ಮೂರ್ವಾ ಎಂದು ಹಲವರು ಗುರುತಿಸುವ ಗಿಡ, ನಾವು ಈಗ ಪಡಸಾಲೆಯ ಕುಂಡದಲ್ಲಿ ಅಂದಕ್ಕೆ ಬೆಳೆಸುವ ಸ್ನೇಕ್ ಪ್ಲಾಂಟ್‌ನ ಹತ್ತಿರದ ನೆಂಟ. ಬಿಲ್ಲುವಿದ್ಯೆ ಕಲಿಸುವ ಗುರುವಿಗೂ ಹಳಗನ್ನಡದಲ್ಲಿ ಸೊಗಸಾದ ಹೆಸರಿತ್ತು: ಬಿಲ್ಲೋಜ.

● ಬಿಲ್ಲು ಕಟ್ಟುವ ಸಾಮಗ್ರಿಯ ಪಟ್ಟಿಯನ್ನು ಆಧುನಿಕ ಲೋಕಕ್ಕೆ ತೋರಿಸಿಕೊಟ್ಟವರು ಅರಕಲಗೂಡು ತಾಲ್ಲೂಕಿನವರು! ಕಾವೇರಿ ದಂಡೆಯ ರುದ್ರಪಟ್ಟಣದಲ್ಲಿ 1868ರಲ್ಲಿ ಹುಟ್ಟಿದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಕೆಲಸದಲ್ಲಿದ್ದರು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ತಾಳೆಗರಿ ಅವರ ಕೈಸೇರಿತು. ಓದುತ್ತ ಹೋದಂತೆ, ಅದು ಕಳೆದೇಹೋಯಿತೆಂದು ವಿದ್ವಾಂಸರು ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗೊತ್ತಾಯಿತು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಹೊರತಂದರು.

ಆ ಪುಸ್ತಕದ ಎರಡನೆಯ ಅಧಿಕರಣದಲ್ಲಿ ಆಯುಧಾಗಾರದ ಅಧಿಕಾರಿಯ ಕೆಲಸವನ್ನು ಹೇಳುವ ಭಾಗವಿದೆ. ಬಿಲ್ಲಿಗೆ ತಾಳೆ, ಬಿದಿರು, ಮರ ಮತ್ತು ಕೊಂಬು. ಹೆದೆಗೆ ಮೂರ್ವಾ, ಎಕ್ಕ, ಸೆಣಬು, ಗವೇಧು ಎಂಬ ಹುಲ್ಲು, ಬಿದಿರಿನ ಸೀಳು ಮತ್ತು ಪ್ರಾಣಿಯ ಸ್ನಾಯು. ಆರು ಬಗೆಯ ಹೆದೆಯಲ್ಲಿ ಐದು ಗಿಡದ್ದು, ಒಂದೇ ಒಂದು ಪ್ರಾಣಿಯದು. ಇದಕ್ಕೆ ಮಳೆಯೂ ಒಂದು ಕಾರಣ ಇರಬೇಕೆಂದು ನನಗನ್ನಿಸುತ್ತದೆ. ಸ್ನಾಯುವಾಗಲಿ ತೊಗಲಾಗಲಿ ನೀರು ಕುಡಿದರೆ ಜೋಲುತ್ತದೆ. ಸೆಣಬಿನಂಥ ನಾರು ನೆಂದಾಗ ಬಲ ಕಳೆದುಕೊಳ್ಳುವುದಿಲ್ಲ. ಆಷಾಢದ ಜಡಿಮಳೆಯಲ್ಲಿ ಯಾವುದನ್ನು ನಂಬಬೇಕೆಂದು ಬೇಟೆಗಾರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

● ಎಕ್ಕದ ಸಂಸ್ಕೃತ ಹೆಸರು ಅರ್ಕ. ಸೂರ್ಯನಿಗೂ ಅದೇ ಹೆಸರು. ಅರಕಲಗೂಡಿನಲ್ಲಿ ಅರ್ಕೇಶ್ವರನ ಗುಡಿ ಇದೆ, ಊರಿಗೆ ಅರ್ಕಪುರಿ ಎಂಬ ಹಳೆಯ ಹೆಸರನ್ನೂ ಸ್ಥಳಪುರಾಣ ಹೇಳುತ್ತದೆ. ಅಲ್ಲಿ ಅರ್ಕನೆಂದರೆ ಸೂರ್ಯನೇ. ಆದರೂ ಹೆದೆಗೆ ಅರ್ಕದ ನಾರು ಬಳಸಬಹುದೆಂಬ ಮಾತನ್ನು ಲೋಕಕ್ಕೆ ಓದಿ ಹೇಳಿದವರು ಅರ್ಕನ ಸೀಮೆಯವರೇ ಆಗಿದ್ದದ್ದು ನನಗೆ ಮತ್ತೆ ಮತ್ತೆ ಖುಷಿ ಕೊಡುವ ಸಂಗತಿ.

● ದನ ಸತ್ತರೆ ಅದರ ತೊಗಲನ್ನು ಲೆಕ್ಕಕ್ಕೆ ಒಪ್ಪಿಸಬೇಕು! ಇದೂ ಅರ್ಥಶಾಸ್ತ್ರದ್ದೇ ನಿಯಮ. ದನ, ಎಮ್ಮೆ ಸತ್ತಾಗ ಮುದ್ರೆ ಒತ್ತಿದ ಭಾಗದ ಚರ್ಮವನ್ನು ಕಾಯುವವನು ತಂದು ತೋರಿಸಬೇಕಿತ್ತು. ಆಡು ಕುರಿಯಾದರೆ ಗುರುತು ಮಾಡಿದ ಕಿವಿ. ಜೊತೆಗೆ ಕೂದಲು, ಸ್ನಾಯು, ಹಲ್ಲು, ಗೊರಸು, ಕೊಂಬು, ಮೂಳೆ ಎಲ್ಲವನ್ನೂ ಒಪ್ಪಿಸಬೇಕಿತ್ತು. ಯಾವುದೂ ಕಸವಲ್ಲ.

● ತೊಗಲು ಮತ್ತು ಹದ ಮಾಡಿದ ಚರ್ಮ ಒಂದೇ ಅಲ್ಲ. ಚಪ್ಪಲಿಯ ಚರ್ಮ ತೊಗಟೆಯ ಒಗರಿನಲ್ಲೋ ಕ್ರೋಮಿಯಂ ಲವಣದಲ್ಲೋ ಹದಗೊಂಡದ್ದು. ಅದು ನೆಂದರೂ ಕೊಳೆಯುವುದಿಲ್ಲ, ಒಣಗಿದರೂ ಮೆದು. ಬಿಲ್ಲಿಗೆ, ತಮಟೆಗೆ, ಮೃದಂಗಕ್ಕೆ, ತೊಗಲುಗೊಂಬೆಗೆ ಬೇಕಾದದ್ದು ಹದ ಕಾಣದ ಹಸಿ ತೊಗಲು. ಮಾಂಸ, ಕೊಬ್ಬು, ಕೂದಲು ತೆಗೆದು ಬಿಗಿದು ಒಣಗಿಸಿದ್ದು ಅಷ್ಟೇ. ಒಣಗಿದರೆ ಹಲಗೆಯಂತೆ ಸೆಟೆಯುತ್ತದೆ. ನೆನೆಸಿದರೆ ಮತ್ತೆ ಬಟ್ಟೆಯಂತೆ ಬಾಗುತ್ತದೆ. ಉತ್ತರ ಕರ್ನಾಟಕದಲ್ಲಿ ತಮಟೆಗೆ ಹಲಗೆ ಎಂದೇ ಹೆಸರು.

● ಆಗತಾನೆ ಸುಲಿದ ತೊಗಲಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನೀರು. ಉಳಿದದ್ದರಲ್ಲಿ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನು, ಹುರಿ ಹೊಸೆದ ಹಗ್ಗದಂಥ ಎಳೆಗಳು ಒಂದರೊಳಗೊಂದು ಹೆಣೆದುಕೊಂಡದ್ದು. ಬೇಸಿಗೆಯಾದರೆ ಕೆಲವೇ ಗಂಟೆಗಳಲ್ಲಿ ಕೊಳೆಯಲು ಶುರು. ಅದಕ್ಕೇ ಮೊದಲ ಕೆಲಸ ಉಪ್ಪು ಹಾಕುವುದು. ಚಿಟಿಕೆ ಉಪ್ಪು ಸಾಲದು. ತೊಗಲಿನ ತೂಕದ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೂ ಬೇಕು. ಉಪ್ಪಿನಕಾಯಿ ಹಾಕುವ ಮನೆಯವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ.

● ಕೂದಲು ತೆಗೆಯುವುದು ಕತ್ತಿಯ ಕೆಲಸಕ್ಕಿಂತ ಹೆಚ್ಚಾಗಿ ಸುಣ್ಣದ ಕೆಲಸ. ಕೂದಲಿನ ಪ್ರೋಟೀನು ಕೆರಾಟಿನ್. ಅದರ ಎಳೆಗಳನ್ನು ಗಂಧಕದ ಬಂಧಗಳು ಕಟ್ಟಿಹಾಕಿರುತ್ತವೆ. ಸುಣ್ಣದ ತಿಳಿನೀರು ಆ ಬಂಧಗಳನ್ನು ಬಿಡಿಸುತ್ತದೆ, ಬೇರು ಸಡಿಲವಾಗುತ್ತದೆ. ಕೊಲಾಜೆನ್ನಿನಲ್ಲಿ ಅಂಥ ಬಂಧ ಇಲ್ಲದ್ದರಿಂದ ಅದು ತಡೆದುಕೊಳ್ಳುತ್ತದೆ. ಕೆಲವು ದಿನ ನೆನೆಸಿ, ದಿನವೂ ಮಗುಚಿ, ಕೂದಲು ಬೆರಳಿಗೇ ಬರುವಂತಾದಾಗ ಮರದ ದಿಮ್ಮಿಯ ಮೇಲೆ ಹಾಸಿ ಮೊಂಡುಕತ್ತಿಯಿಂದ ಒತ್ತಿ ಜಾರಿಸಿದರೆ ಸಾಕು. ಹರಿತ ಕತ್ತಿ ಹಿಡಿದವನು ತೊಗಲನ್ನೇ ಗಾಯ ಮಾಡುತ್ತಾನೆ. ಆ ಗಾಯ ಒಣಗುವಾಗ ಬಾಯಿಬಿಟ್ಟು ತೂತಾಗುತ್ತದೆ.

ಸುಣ್ಣದ ಒಳ್ಳೆಯ ಗುಣ ಇನ್ನೊಂದಿದೆ. ಎಷ್ಟೇ ಸುರಿದರೂ ಸಾಮಾನ್ಯ ತಾಪದ ಒಂದು ಲೀಟರ್ ನೀರಿನಲ್ಲಿ ಕರಗುವುದು 1.7 ಗ್ರಾಂ ಸುಮಾರು, ಮಿಕ್ಕದ್ದು ತಳ ಸೇರುತ್ತದೆ. ನೀರಿನ ಖಾರ ಒಂದು ಮಟ್ಟ ಮೀರುವುದೇ ಇಲ್ಲ. ಕರಗಿದ್ದು ಖರ್ಚಾದಂತೆ ತಳದಿಂದ ಮತ್ತಷ್ಟು ಕರಗುತ್ತದೆ. ತೂಕದ ಯಂತ್ರವಿಲ್ಲದ ಕಾಲದಲ್ಲಿ ಇದಕ್ಕಿಂತ ನಂಬಿಕಸ್ತ ಸಾಮಗ್ರಿ ಎಲ್ಲಿತ್ತು? ಕೆಲವರು ಒಲೆಯ ಬೂದಿ ನೀರನ್ನೂ ಬಳಸುತ್ತಿದ್ದರು. ಆದರೆ ಬೂದಿಯ ಖಾರ ಯಾವ ಕಟ್ಟಿಗೆ ಸುಟ್ಟಿರಿ ಎಂಬುದರ ಮೇಲೆ ನಿಂತಿರುತ್ತದೆ.

● ಸುಣ್ಣ ಪೂರ್ತಿ ಹೋಯಿತೇ ಇಲ್ಲವೇ ಎಂದು ಅರಿಸಿನ ಹೇಳುತ್ತದೆ. ಆರತಿ ತಟ್ಟೆಯಲ್ಲಿ ಅರಿಸಿನ ನೀರಿಗೆ ಚೂರು ಸುಣ್ಣ ಬೆರೆಸಿದೊಡನೆ ಕೆಂಪಾಗುತ್ತದಲ್ಲ, ಅದೇ ರಸಾಯನ. ತೊಳೆದ ತೊಗಲಿನ ಅಂಚನ್ನು ಕತ್ತರಿಸಿ, ಕತ್ತರಿಸಿದ ಕಡೆಗೆ ಅರಿಸಿನದ ನೀರು ಮುಟ್ಟಿಸಿ. ಹಳದಿಯಾಗಿಯೇ ಉಳಿದರೆ ಕೆಲಸ ಮುಗಿದಿದೆ. ಕೆಂಪಾದರೆ ಒಳಗೆ ಸುಣ್ಣ ಕೂತಿದೆ, ಇನ್ನೊಂದಷ್ಟು ನೀರು ಬದಲಾಯಿಸಿ ತೊಳೆಯಬೇಕು. ಹುಳಿ ಮಜ್ಜಿಗೆಯಾಗಲಿ ತೌಡಿನ ಹುಳಿನೀರಾಗಲಿ ಉಳಿದ ಸುಣ್ಣವನ್ನು ಬೇಗ ಕಳೆಯುತ್ತವೆ. ಸುಣ್ಣ ಉಳಿದ ತೊಗಲು ಒಣಗಿದ ಮೇಲೆ ಪೆಡಸಾಗಿ ಬಿರುಕು ಬಿಡುತ್ತದೆ. ಮುಚ್ಚಿಗೆಗೂ ಆಗದು, ಹೆದೆಗೂ ಆಗದು.

● ತೊಗಲನ್ನು ಉರಿಬಿಸಿಲಿಗೆ ಹಾಕಬಾರದು. ಮೇಲ್ಪದರ ಬೇಗ ಒಣಗಿ ಗಟ್ಟಿಯಾಗಿ ಒಳಗಿನ ತೇವಕ್ಕೆ ದಾರಿ ಕಟ್ಟಿಹೋಗುತ್ತದೆ, ನಡುವೆ ಕೊಳೆಯಲು ಶುರುವಾಗುತ್ತದೆ. ಇನ್ನೂ ದೊಡ್ಡ ಅಪಾಯ ಬಿಸಿಯದು. ಹಸಿಯಾಗಿರುವ ತೊಗಲು 60ರಿಂದ 65 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಒಮ್ಮೆಲೇ ಮುದುಡುತ್ತದೆ. ಕೊಲಾಜೆನ್ನಿನ ಹುರಿ ಬಿಚ್ಚಿಹೋದದ್ದು ಮತ್ತೆ ಕೂಡಿಕೊಳ್ಳುವುದಿಲ್ಲ. ಹಾಗಾದರೆ ತಮಟೆಯನ್ನು ಬೆಂಕಿಗೆ ಹಿಡಿಯುತ್ತಾರಲ್ಲ? ಅದು ಆಗಲೇ ಒಣಗಿದ ತೊಗಲು. ಒಣಗಿದ್ದು ಹಸಿಯದಕ್ಕಿಂತ ಎಷ್ಟೋ ಹೆಚ್ಚು ಬಿಸಿ ತಾಳುತ್ತದೆ. ಆದರೂ ಆ ಕೈಗಳು ತಮಟೆಯನ್ನು ಒಂದು ಕಡೆ ನಿಲ್ಲಲು ಬಿಡುವುದಿಲ್ಲ, ತಿರುಗಿಸುತ್ತಲೇ ಇರುತ್ತವೆ. ಮುಂದಿನ ಹಬ್ಬದಲ್ಲಿ ಗಮನಿಸಿ ನೋಡಿ.

● ಹಸಿ ತೊಗಲನ್ನು ನೀರಿನಲ್ಲಿ ಕುದಿಸಿದರೆ ಅದು ಅಂಟಾಗುತ್ತದೆ. ಬಡಗಿಗಳು ಬಿಸಿ ಮಾಡಿ ಹಚ್ಚುತ್ತಿದ್ದ ಮರವಜ್ರ ಅದೇ. ಕೊಂಬು, ಮರ, ಸ್ನಾಯು ಕೂಡಿಸಿ ಮಾಡುತ್ತಿದ್ದ ಜೋಡುಬಿಲ್ಲಿನ ಪದರಗಳನ್ನು ಹಿಡಿದಿಡುತ್ತಿದ್ದದ್ದೂ ಇಂಥ ಅಂಟೇ. ಗಾಳಿಯ ತೇವಕ್ಕೆ ಅಂಟು ಮೆತ್ತಗಾದರೆ ಬಿಲ್ಲು ಬಿಚ್ಚಿಕೊಳ್ಳುತ್ತದೆ. ಭಾರತದಲ್ಲಿ ಉಕ್ಕಿನ ಬಿಲ್ಲುಗಳನ್ನೂ ಮಾಡಿದರು. ತೇವಕ್ಕೆ ಕೆಡದ ಬಿಲ್ಲು ಬೇಕಾದದ್ದೂ ಅದಕ್ಕೊಂದು ಕಾರಣವೆಂದು ಆಯುಧಗಳ ಚರಿತ್ರೆ ಬಲ್ಲವರು ಹೇಳುತ್ತಾರೆ.

● ಬಿಲ್ಲಿಗೂ ಬೆನ್ನು, ಹೊಟ್ಟೆ ಇವೆ. ಗುರಿಯ ಕಡೆಗಿರುವುದು ಬೆನ್ನು, ಬಿಲ್ಗಾರನ ಕಡೆಗಿರುವುದು ಹೊಟ್ಟೆ. ಹೆದೆ ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಮರ ಸೀಳುವುದು ಸಾಮಾನ್ಯವಾಗಿ ಹಿಗ್ಗುವ ಕಡೆ, ಅದೂ ಹೆಚ್ಚಾಗಿ ಒಂದು ಸಣ್ಣ ಸಿಬಿರೆದ್ದಲ್ಲಿಂದ. ಆ ಬೆನ್ನಿಗೆ ತೆಳ್ಳಗಿನ ಹಸಿ ತೊಗಲನ್ನು ಅಂಟಿಸಿ ಒಣಗಿಸಿದರೆ ಅದು ಸಿಬಿರು ಏಳದಂತೆ ಅದುಮಿ ಹಿಡಿಯುತ್ತದೆ. ಲೋಕದ ಅನೇಕ ಕಡೆ ಬಿಲ್ಲುಗಾರರು ಈ ಉಪಾಯ ಬಲ್ಲವರು. ತೊಗಲನ್ನು ದನದ ಬೆನ್ನುಮೂಳೆಯ ಗುಂಟ ಕತ್ತರಿಸಿ ತೆಗೆದುಕೊಳ್ಳಬೇಕು. ಅಲ್ಲಿ ಎಳೆ ಒತ್ತಾಗಿ ಬಿಗಿಯಾಗಿರುತ್ತದೆ. ಹೊಟ್ಟೆಯ ಕಡೆಯದು ಸಡಿಲ, ಎಳೆದಷ್ಟೂ ಬರುತ್ತದೆ. ಬಿಲ್ಲಿನ ಬೆನ್ನಿಗೆ ಬೆನ್ನಿನದೇ ತೊಗಲು!

● ಊಟದ ತಟ್ಟೆಯಗಲದ ತೊಗಲಿನಿಂದ ಬಾವಿಗಿಳಿಯುವಷ್ಟು ಉದ್ದದ ಬಾರು ತೆಗೆಯಬಹುದು ಎಂದರೆ ನಂಬುತ್ತೀರಾ? 30 ಸೆಂಟಿಮೀಟರ್ ಅಡ್ಡಳತೆಯ ದುಂಡನೆಯ ತುಂಡನ್ನು ಅಂಚಿನಿಂದ ಒಳಕ್ಕೆ ಚಕ್ಕುಲಿಯಂತೆ ಸುತ್ತುತ್ತ, ಅರ್ಧ ಸೆಂಟಿಮೀಟರ್ ಅಗಲಕ್ಕೆ ಕತ್ತರಿಸುತ್ತ ಹೋಗಿ. ಎಲ್ಲೂ ಗಂಟಿಲ್ಲದ ಸುಮಾರು 14 ಮೀಟರ್ ಉದ್ದದ ಒಂದೇ ಬಾರು ಸಿಗುತ್ತದೆ. ಹಸಿಯಿರುವಾಗಲೇ ಎಳೆದು ಹುರಿಮಾಡಿ, ಎರಡು ಗೂಟದ ನಡುವೆ ಬಿಗಿದು ನೆರಳಲ್ಲಿ ಒಣಗಿಸಿದರೆ ಅದೇ ಹೆದೆ, ಅದೇ ನೊಗದ ಮಿಣಿ, ಅದೇ ಮೃದಂಗದ ಬಾರು.

● ಬಿಲ್ಲು ಯುದ್ಧದ್ದು ಮಾತ್ರ ಎಂದುಕೊಂಡಿದ್ದೀರಾ? ನಮ್ಮ ಊರುಗಳ ಬೀದಿಯಲ್ಲಿ ಕೊನೆಯವರೆಗೂ ಮಿಡಿದ ಬಿಲ್ಲು ಹತ್ತಿಯದು. ಹಾಸಿಗೆಯ ಹತ್ತಿ ಗಂಟುಕಟ್ಟಿದಾಗ ಪಿಂಜಾರರು, ನದಾಫರು ಆಳೆತ್ತರದ ಬಿಲ್ಲು ಹೆಗಲಿಗೇರಿಸಿ ಬರುತ್ತಿದ್ದರು. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದು ಕೈಯಲ್ಲಿ ಮರದ ಕೊಡತಿ. ಹೆದೆಯನ್ನು ಹತ್ತಿಯ ರಾಶಿಯೊಳಗೆ ಇಳಿಸಿ ಕೊಡತಿಯಿಂದ ಮೀಟಿದರೆ ಹತ್ತಿ ಮೋಡದಂತೆ ಎದ್ದು ಬಿಡಿಬಿಡಿಯಾಗುತ್ತಿತ್ತು. ಆ ಹೆದೆ ಪ್ರಾಣಿಯ ಕರುಳಿನಿಂದ ಹೊಸೆದದ್ದು. ದಾರದ ಹೆದೆಗೆ ಹತ್ತಿಯ ಎಳೆಗಳು ಸುತ್ತಿಕೊಂಡುಬಿಡುತ್ತವೆ, ನುಣುಪಾದ ಕರುಳಿಗೆ ಅಂಟಿಕೊಳ್ಳುವುದಿಲ್ಲ. ಆ ಸದ್ದು ಕೇಳಿ ಬೆಳೆದವರಿಗೆ ಈಗಲೂ ಅದು ಕಿವಿಯಲ್ಲಿರುತ್ತದೆ. ಯಂತ್ರ ಬಂದಮೇಲೆ ಸದ್ದು ನಿಂತಿತು.

ಬಡಗಿಯ ಕೈಯಲ್ಲೂ ಒಂದು ಬಿಲ್ಲಿತ್ತು. ಬೈರಿಗೆಯ ಹಿಡಿಗೆ ತೊಗಲಿನ ಬಾರು ಒಂದು ಸುತ್ತು ಹಾಕಿ, ಬಿಲ್ಲನ್ನು ಹಿಂದೆ ಮುಂದೆ ಎಳೆದರೆ ಮೊನೆ ಗಿರ್ರನೆ ತಿರುಗಿ ಮರ ಕೊರೆಯುತ್ತಿತ್ತು. ಇನ್ನು ಹುಡುಗರ ಕ್ಯಾಟರ್‌ಬಿಲ್ಲು! ಕವಲುಗೋಲು, ಸೈಕಲ್ ಟ್ಯೂಬಿನ ರಬ್ಬರು ಎಲ್ಲಿಂದಾದರೂ ಸಿಗುತ್ತಿತ್ತು. ಕಲ್ಲು ಕೂರಿಸುವ ತೊಗಲಿನ ತುಂಡಿಗೆ ಮಾತ್ರ ಚಪ್ಪಲಿ ಹೊಲಿಯುವವರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿತ್ತು.

● ಈವರೆಗೆ ಸಿಕ್ಕ ಅತಿ ಹಳೆಯ ಹೆದೆಗಳಲ್ಲಿ ಒಂದು ಮಂಜಿನಲ್ಲಿ ಉಳಿದಿತ್ತು. 1991ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಸಿಕ್ಕ, 5,300 ವರ್ಷ ಹಿಂದಿನ ಮನುಷ್ಯನ ಬತ್ತಳಿಕೆಯಲ್ಲಿ ಸ್ನಾಯುವಿನಿಂದ ಹೊಸೆದ ಹುರಿ ಸುರುಳಿ ಸುತ್ತಿ ಇಟ್ಟದ್ದಿತ್ತು. ಬತ್ತಳಿಕೆ ರೋ ಡಿಯರ್ ಎಂಬ ಸಣ್ಣ ಜಿಂಕೆಯ ತೊಗಲಿನದು. ಅವನ ಬಿಲ್ಲು ಇನ್ನೂ ಪೂರ್ತಿಯಾಗಿರಲಿಲ್ಲ.

● ಬಿಲ್ಲು ನೋಡಬೇಕೆಂದರೆ ಹಾಸನ ಜಿಲ್ಲೆಗಿಂತ ಒಳ್ಳೆಯ ಜಾಗ ಬೇಕೇ? 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿ ಇದ್ದಾಳೆ. ಹಳೇಬೀಡಿನ ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ರಾಮಾಯಣ, ಭಾರತಗಳ ಬಾಣದ ಮಳೆಯೇ ಇದೆ. ಬಿಲ್ಲಿನ ಜೊತೆಗೆ ವಾದ್ಯಗಳನ್ನೂ ನೋಡಿ. ಚರ್ಮವಾದ್ಯ ನುಡಿಸುವವರನ್ನು ಆ ಶಿಲ್ಪಿಗಳು ಎಷ್ಟು ಪ್ರೀತಿಯಿಂದ ಕಡೆದಿದ್ದಾರೆಂದರೆ ವಾದ್ಯದ ಬಿಗಿಹಗ್ಗವನ್ನೂ ಬಿಟ್ಟಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ 1246ರದು. ಅಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಉಳಿದಿದೆ. ಕಲ್ಲಿನ ವಾದ್ಯ ಕಡೆದವರ ಹೆಸರು ಉಳಿಯಿತು. ಅವರಿಗೆ ಮಾದರಿಯಾದ ತೊಗಲಿನ ವಾದ್ಯ ಕಟ್ಟಿದವರ ಹೆಸರನ್ನು ಯಾರೂ ಕೆತ್ತಲಿಲ್ಲ.

● ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತವನು ಬಿಲ್ಲು ಹಿಡಿಯದೆ ಗೆದ್ದವನು. ಭರತ, ಬಾಹುಬಲಿಯರ ನಡುವೆ ನಡೆದದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಸೈನ್ಯದ ಒಂದು ಬಾಣವೂ ಹಾರಲಿಲ್ಲ. ಚಾವುಂಡರಾಯ 981ರಲ್ಲಿ ಮಾಡಿಸಿದನೆನ್ನುವ ಆ ಮೂರ್ತಿಯ ಎತ್ತರ 58 ಅಡಿ.

● ತಮಟೆ ಕಾಯಿಸುತ್ತಾರೆ, ಕಂಜರಕ್ಕೆ ನೀರು ಚಿಮುಕಿಸುತ್ತಾರೆ. ಎರಡರ ಹಿಂದೆಯೂ ಒಂದೇ ಕಾರಣ. ತೊಗಲು ಗಾಳಿಯ ತೇವ ಹೀರಿದರೆ ಉಬ್ಬಿ ಸಡಿಲವಾಗುತ್ತದೆ, ಸ್ವರ ಇಳಿಯುತ್ತದೆ. ಬೆಂಕಿ ತೇವ ಕಳೆದು ಬಿಗಿ ಹೆಚ್ಚಿಸಿ ಸ್ವರ ಏರಿಸುತ್ತದೆ. ಕಂಜರ ವಾದಕರಿಗೆ ಬೇಕಾದದ್ದು ಕೆಳಗಿನ ಗುಂಯ್‌ಗುಡುವ ನಾದ, ಆದ್ದರಿಂದ ಒಳಗಡೆಯಿಂದ ನೀರು ಸವರುತ್ತಾರೆ. ಹಿಂದೆ ಕಂಜರಕ್ಕೆ ಉಡದ ತೊಗಲು ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಉಡಕ್ಕೆ ಇರುವುದರಿಂದ ಈಗ ಅದು ಅಪರಾಧ. ಮೇಕೆಯ ತೊಗಲಿನ ಕಂಜರ ಬಂದಿದೆ.

● ರುದ್ರಪಟ್ಟಣಕ್ಕೆ ಮತ್ತೆ ಬರಬೇಕು, ಯಾಕೆಂದರೆ ಶಾಸ್ತ್ರಿಗಳ ಊರು ಸಂಗೀತದ ಊರೂ ಹೌದು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಪದ್ಮಭೂಷಣ ಪಡೆದವರು. ರುದ್ರಪಟ್ಟಣಂ ಸಹೋದರರ ಹೆಸರಿನಲ್ಲೇ ಊರಿದೆ. ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರವನ್ನೇ ಕಟ್ಟಿಸಿದ್ದಾರೆ. ಇಷ್ಟು ಹಾಡು ಹುಟ್ಟಿದ ಕಡೆ ಮೃದಂಗವೂ ನುಡಿದಿರಲೇಬೇಕು. ಮೃದಂಗದ ಮುಚ್ಚಿಗೆಗಳಲ್ಲಿ ಹಸು, ಮೇಕೆ, ಎಮ್ಮೆ ಮೂರರ ತೊಗಲೂ ಸೇರುತ್ತದೆ. ಬಲಗಡೆಯ ನಡುವೆ ಕಲ್ಲಿನ ಪುಡಿಯನ್ನು ಅನ್ನದ ಗಂಜಿಯಲ್ಲಿ ಕಲಸಿ ಪದರ ಪದರವಾಗಿ ಉಜ್ಜಿ ಕಪ್ಪು ಕರಣೆ ಹಾಕುತ್ತಾರೆ. ಎಡಗಡೆಗೆ ರವೆಯ ಕಣಕ.

ಸಾಮಾನ್ಯ ದುಂಡು ಮುಚ್ಚಿಗೆಯ ಮೇಲು ನಾದಗಳು ಒಂದಕ್ಕೊಂದು ಹೊಂದುವುದಿಲ್ಲ, ಹಾಗಾಗಿ ಅದರಲ್ಲಿ ಶ್ರುತಿ ಕೇಳಿಸದೆ ಬರೀ ಸದ್ದು ಕೇಳುತ್ತದೆ. ಆ ಕರಣೆಯ ಭಾರ ಅವನ್ನು ಸ್ವರಸಂಬಂಧಕ್ಕೆ ತರುತ್ತದೆ ಎಂದು ತೋರಿಸಿದವರು ಸಿ.ವಿ. ರಾಮನ್. ಈ ವಿಷಯವಾಗಿ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದಮೇಲೆ 1934ರಲ್ಲಿ ವಿಸ್ತಾರವಾದ ಪ್ರಬಂಧವನ್ನೇ ಪ್ರಕಟಿಸಿದರು. ರಾಮನ್ ವಿವರಿಸಿದ್ದನ್ನು ಕೈಯಲ್ಲಿ ಸಾಧಿಸಿದವರು ಮುಚ್ಚಿಗೆ ಕಟ್ಟುವವರು, ಅದೂ ಎಷ್ಟೋ ತಲೆಮಾರು ಮೊದಲೇ. ಮೃದಂಗ ಕಟ್ಟುವ ಕುಟುಂಬಗಳ ಕುರಿತು ಟಿ.ಎಂ. ಕೃಷ್ಣ ಬರೆದ ‘ಸೆಬಾಸ್ಟಿಯನ್ ಆಂಡ್ ಸನ್ಸ್’ ಬಂದದ್ದು 2020ರಲ್ಲಿ. ವಿದ್ವಾನರ ಹೆಸರು ಗೊತ್ತು, ಮುಚ್ಚಿಗೆ ಕಟ್ಟಿದವರ ಹೆಸರು ಗೊತ್ತಿಲ್ಲ ಎನ್ನುವ ಸ್ಥಿತಿ ಅಷ್ಟು ಕಾಲ ನಡೆದುಬಂತು.

● ತಮಟೆಗೆ ಪದ್ಮಶ್ರೀ ಬಂದದ್ದು ಗೊತ್ತೇ? ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ.

● ತಂಗಡಿ ಹೂವು ನೋಡಿದ್ದೀರಾ? ಬಯಲುಸೀಮೆಯ ರಸ್ತೆಯ ಬದಿಯಲ್ಲಿ ಹಳದಿ ಗೊಂಚಲು ಹೊತ್ತು ನಿಂತಿರುವ ಪೊದೆ. ಆವರಿಕೆ ಎಂದೂ ಕರೆಯುತ್ತಾರೆ. ಅದರ ತೊಗಟೆಯ ಒಗರೇ ದಕ್ಷಿಣ ಭಾರತದ ಚರ್ಮದ ಹದಕ್ಕೆ ಬಹುಕಾಲ ಆಧಾರವಾಗಿತ್ತು. ಜೊತೆಗೆ ಕಾಡಿನಿಂದ ಅಳಲೆಕಾಯಿ. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿಗೆ ಹಸಿ ತೊಗಲು ಆಗುತ್ತಿರಲಿಲ್ಲ, ದಿನವಿಡೀ ನೀರಲ್ಲಿ ಮುಳುಗೇಳುವ ಬಾನಿ ಕೊಳೆತುಹೋದೀತು. ಅದಕ್ಕೆ ಹದ ಮಾಡಿದ್ದೇ ಬೇಕು. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಬಾನಿ ಮೇಲೆ ಬಂದು, ಆನೆಯ ಸೊಂಡಿಲಿನಂಥ ತೊಗಲಿನ ಕೊಳವೆಯಿಂದ ನೀರು ತಾನಾಗಿ ಕಾಲುವೆಗೆ ಸುರಿಯುತ್ತಿತ್ತು. ಪಂಪುಸೆಟ್ಟು ಬರುವ ಮುಂಚೆ ನಮ್ಮ ತೋಟಗಳಿಗೆ ನೀರು ಕುಡಿಸಿದ್ದು ಆ ಹದಗಾರರ ಕೈ. ತಂಗಡಿ ಹೂ ಈಗ ತೆಲಂಗಾಣದ ರಾಜ್ಯಪುಷ್ಪ.

● ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೆ ಹೋದರೆ ಎತ್ತಿನ ಅಲಂಕಾರದ ಅಂಗಡಿಗಳ ಮುಂದೆ ಸ್ವಲ್ಪ ನಿಲ್ಲಿ. ಮಿಣಿ, ಮೂಗುದಾರ, ಬಾರುಕೋಲು, ಕೊರಳ ಪಟ್ಟಿ. ನೈಲಾನ್ ಬಂದು ಎಷ್ಟೋ ಕಾಲವಾಗಿದೆ, ಮಾತು ಮಾತ್ರ ತೊಗಲಿನ ಕಾಲದ್ದೇ. ಬಾರುಕೋಲು ಎಂದರೆ ಬಾರು ಕಟ್ಟಿದ ಕೋಲು.

● ಇದು ಮನಸ್ಸಿಗೆ ಕಷ್ಟವಾಗುವ ಸಂಗತಿ. ದನ ಇದ್ದಕ್ಕಿದ್ದಂತೆ ಸತ್ತು, ಮೂಗು ಬಾಯಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದರೆ ಅದನ್ನು ಯಾರೂ ಸುಲಿಯಬಾರದು. ಆಂಥ್ರಾಕ್ಸ್ ಇರಬಹುದು. ಅದರ ಬೀಜಕಣಗಳು ಮಣ್ಣಿನಲ್ಲಿ ದಶಕಗಟ್ಟಲೆ ಜೀವಂತವಾಗಿರುತ್ತವೆ, ತೊಗಲಿನಲ್ಲೂ ಉಳಿಯುತ್ತವೆ. 2008ರಲ್ಲಿ ಲಂಡನ್‌ನಲ್ಲಿ ಡೋಲು ಮಾಡುವವರೊಬ್ಬರು ಹೊರದೇಶದಿಂದ ಬಂದ ತೊಗಲು ಹೆರೆಯುವಾಗ ಆ ಕಣಗಳನ್ನು ಉಸಿರಾಡಿ ತೀರಿಕೊಂಡರು. ನಮ್ಮಲ್ಲಿ ಸತ್ತ ದನ ಹೊರುವ ಕೆಲಸವನ್ನು ಮಾದಿಗರ ಕೇರಿಯ ಮೇಲೆ ಹೊರಿಸಿದ ಊರು, ಈ ಅಪಾಯವನ್ನೂ ಅವರ ಮೇಲೆಯೇ ಹೊರಿಸಿತು. ತಮಟೆಯ ಸದ್ದು ದೇವರಿಗೆ ಬೇಕು, ಬಾರಿಸಿದವರು ಗುಡಿಯ ಹೊರಗೆ ನಿಲ್ಲಬೇಕು ಎನ್ನುವ ಊರಿನ ನಡತೆಗೆ ನನ್ನ ಬಳಿ ಯಾವ ಸಮಾಧಾನವೂ ಇಲ್ಲ. ಹನ್ನೆರಡನೆಯ ಶತಮಾನದಲ್ಲೇ ಶರಣರು ಮಾದಾರ ಚೆನ್ನಯ್ಯನನ್ನೂ ಹರಳಯ್ಯನನ್ನೂ ತಲೆಯ ಮೇಲಿಟ್ಟುಕೊಂಡಿದ್ದರು.

● ಸರ್ಕಾರದ ಚರ್ಮ ಕೈಗಾರಿಕಾ ನಿಗಮ ಲಿಡ್ಕರ್ ಶುರುವಾದದ್ದು 1976ರಲ್ಲಿ. ಈಗ ಅದಕ್ಕೆ ಡಾ. ಬಾಬು ಜಗಜೀವನ ರಾಂ ಅವರ ಹೆಸರು. 2023ರಲ್ಲಿ ಅದರ ರಾಯಭಾರಿಯಾದ ನಟ ಧನಂಜಯ ಹಾಸನ ಜಿಲ್ಲೆಯವರೇ, ಅರಸೀಕೆರೆ ತಾಲ್ಲೂಕಿನ ಕಾಳೇನಹಳ್ಳಿಯವರು.

● ಯುರೋಪಿನವರು ಹಸಿ ತೊಗಲಿನ ಮೇಲೆ ಪುಸ್ತಕ ಬರೆದರು. ಸುಣ್ಣದಲ್ಲಿ ನೆನೆಸಿ, ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿದ ಕುರಿಯ ತೊಗಲೇ ಪಾರ್ಚ್‌ಮೆಂಟ್. 1215ರ ಮ್ಯಾಗ್ನಾ ಕಾರ್ಟಾ ಅಂಥದರ ಮೇಲಿದೆ. ನಾವು ತಾಳೆಗರಿ ಹಿಡಿದೆವು. ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ತಯಾರಾದ ತೊಗಲನ್ನು ನಾವು ಬರೆಯಲು ಬಳಸದೆ ಕುಣಿಸಲು ಬಳಸಿದೆವು.

● ತೊಗಲುಗೊಂಬೆ! ಕಿಳ್ಳೇಕ್ಯಾತರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಈ ಆಟದ ಗುಟ್ಟು ಹಸಿ ತೊಗಲಿನಲ್ಲೇ ಇದೆ. ಹದ ಮಾಡಿದ ಚರ್ಮ ಬೆಳಕನ್ನು ತಡೆಯುತ್ತದೆ. ಕೂದಲು, ಕೊಬ್ಬು ಕಳೆದು ತೆಳ್ಳಗೆ ಹೆರೆದು ಒಣಗಿಸಿದ ಮೇಕೆಯ ತೊಗಲು ಎಣ್ಣೆಕಾಗದದಂತೆ ಬೆಳಕನ್ನು ಬಿಟ್ಟುಕೊಡುತ್ತದೆ. ಹಿಂದೆ ಜಿಂಕೆಯದನ್ನೂ ಬಳಸುತ್ತಿದ್ದರು. ಅದರ ಮೇಲೆ ಗೀಟೆಳೆದು, ಸಣ್ಣ ಉಳಿಯಿಂದ ತೂತು ಕೊರೆದು ಒಡವೆ, ಸೀರೆಯ ಅಂಚು ಮಾಡಿ, ಬಣ್ಣ ತುಂಬುತ್ತಾರೆ. ಕೊಬ್ಬು ಒಂದಿಷ್ಟು ಉಳಿದರೂ ಬಣ್ಣ ಹಿಡಿಯುವುದಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಎಂ.ಎಸ್. ನಂಜುಂಡರಾವ್ ಊರೂರು ಅಲೆದು ಕೂಡಿಸಿದ ಹಳೆಯ ಗೊಂಬೆಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ.

ಅಲ್ಲಿಗೆ ಹೋದಾಗ ರಾಮ ಲಕ್ಷ್ಮಣರ ಕೈಯನ್ನು ನೋಡಿ. ಬಿಲ್ಲಿನ ಮರ, ಬಿಲ್ಲಿನ ಹೆದೆ, ಅದನ್ನೆಳೆದ ತೋಳು ಎಲ್ಲವೂ ತೊಗಲೇ. ಪರದೆಯ ಹಿಂದೆ ದೀಪ ಹಚ್ಚಿದರೆ ಕೊರೆದ ತೂತುಗಳಲ್ಲಿ ಬೆಳಕು ಚುಕ್ಕಿಯಾಗಿ ಹೊಳೆಯುತ್ತದೆ, ತೆಳ್ಳಗೆ ಹೆರೆದಲ್ಲಿ ಬಣ್ಣ ಕೆಂಪಾಗಿ ತುಂಬಿಕೊಳ್ಳುತ್ತದೆ, ಮೊಂಡುಕತ್ತಿ ಎಲ್ಲೆಲ್ಲಿ ಹಗುರವಾಗಿ ಹಾದಿತ್ತು, ಎಲ್ಲೆಲ್ಲಿ ಒತ್ತಿತ್ತು ಎಂಬುದು ಕೂಡ ಕಾಣಿಸುತ್ತದೆ.